ವಿಮಾನ ಅಪಘಾತದ ವರದಿ ತಪ್ಪಿತಸ್ಥರ ಹೆಸರು ಯಾಕೆ ಹೇಳುವುದಿಲ್ಲ?

ಅಹಮದಾಬಾದ್ ವಿಮಾನ ದುರಂತದ ಪ್ರಾಥಮಿಕ ವರದಿ ಹದಿನೈದೇ ಪುಟದ್ದು. ಅದರಲ್ಲಿ ಇಡೀ ದೇಶದ ಕಣ್ಣು ನೆಟ್ಟಿದ್ದು ಎರಡು ಸಾಲಿನ ಮೇಲೆ. ಇಂಧನ ಯಾಕೆ ಕಟ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳುತ್ತಾರೆ. ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಕೇಳಿದವರು ಯಾರು, ಉತ್ತರ ಕೊಟ್ಟವರು ಯಾರು ಎಂಬುದು ವರದಿಯಲ್ಲಿ ಇಲ್ಲ.

260 ಜನ ಸತ್ತಿದ್ದಾರೆ. ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದದ್ದು ಒಬ್ಬರೇ. ಕೆಳಗೆ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಕಟ್ಟಡಗಳ ಮೇಲೆ ವಿಮಾನ ಬಿದ್ದು ಅಲ್ಲೂ 19 ಜೀವ ಹೋದವು. ಇಷ್ಟಾದ ಮೇಲೆ ‘ಯಾರು’ ಎಂದೇ ಹೇಳದ ವರದಿ ಓದಿದಾಗ ಗೊಂದಲ ಆಗುವುದು ಸಹಜ. ಯಾರನ್ನೋ ಉಳಿಸಲು ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೂ ಸಹಜ. ಆದರೆ ವಿಮಾನ ಅಪಘಾತದ ತನಿಖೆಗಳು ಹೀಗೆ ನಡೆಯುವುದಕ್ಕೆ ಎಪ್ಪತ್ತು ವರ್ಷದ ಅನುಭವ ಕಾರಣ. ಆ ಅನುಭವಕ್ಕೆ ತುಂಬ ಜನರ ಜೀವ ಹೋಗಿದೆ.

ವರದಿಯಲ್ಲಿ ಇರುವುದೇನು?

2025ರ ಜೂನ್ 12ರಂದು ಲಂಡನ್ನಿನ ಗ್ಯಾಟ್ವಿಕ್‌ಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನದ ಸ್ವಿಚ್ ‘ರನ್’ನಿಂದ ‘ಕಟಾಫ್’ಗೆ ಹೋದವು. ಎರಡರ ನಡುವೆ ಸುಮಾರು ಒಂದು ಸೆಕೆಂಡಿನ ಅಂತರ. ಹತ್ತು ಸೆಕೆಂಡಿನ ನಂತರ ಒಂದು, ಹದಿನಾಲ್ಕು ಸೆಕೆಂಡಿನ ನಂತರ ಇನ್ನೊಂದು ಸ್ವಿಚ್ ಮತ್ತೆ ‘ರನ್’ಗೆ ಬಂದವು. ಅಷ್ಟು ಕಡಿಮೆ ಎತ್ತರದಲ್ಲಿ ಆ ಹೊತ್ತಿಗೆ ತಡವಾಗಿತ್ತು.

ಈ ಸ್ವಿಚ್‌ಗಳು ಮನೆಯ ಲೈಟ್ ಸ್ವಿಚ್ ತರಹ ಅಲ್ಲ. ಮೇಲಕ್ಕೆ ಎಳೆದು, ಆಮೇಲೆ ಜಾಗ ಬದಲಿಸಬೇಕು. ಕೈ ತಾಗಿ ಸುಮ್ನೆ ಬೀಳಬಾರದು ಅಂತಲೇ ಅದಕ್ಕೊಂದು ಲಾಕ್ ಇದೆ. ಹಾಗಾಗಿ ಪೈಲಟ್ ಮೇಲೆ ಅನುಮಾನ ಎದ್ದಿತು. ಅದೇ ವರದಿಯಲ್ಲಿ ಇನ್ನೊಂದು ವಿಷಯವೂ ಇದೆ. ಬೋಯಿಂಗ್‌ನ ಕೆಲವು 737 ವಿಮಾನಗಳಲ್ಲಿ ಈ ಲಾಕ್ ಕೆಲಸ ಮಾಡದ ಸ್ಥಿತಿಯಲ್ಲಿ ಸಿಕ್ಕಿತ್ತು. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2018ರಲ್ಲೇ ಈ ಬಗ್ಗೆ ಒಂದು ಸೂಚನಾಪತ್ರ ಹೊರಡಿಸಿತ್ತು. 787ರ ಸ್ವಿಚ್‌ಗಳ ರಚನೆಯೂ ಅದೇ ಬಗೆಯದು. ಆ ಪತ್ರ ಸಲಹೆ ಮಾತ್ರ ಆಗಿತ್ತು, ಕಡ್ಡಾಯ ಆಗಿರಲಿಲ್ಲ. ಏರ್ ಇಂಡಿಯಾ ಆ ತಪಾಸಣೆ ಮಾಡಿಸಿರಲಿಲ್ಲ.

ಇವೆರಡನ್ನೂ ವರದಿ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ಸ್ವಿಚ್ ಜಾಗ ಬದಲಾಯಿತು ಎನ್ನುವುದು ದಾಖಲಾದ ಸಂಗತಿ. ಹೇಗೆ, ಯಾಕೆ ಎನ್ನುವುದು ತನಿಖೆ ಆಗಬೇಕಾದದ್ದು. ಒಂದು ತಿಂಗಳಲ್ಲಿ ಬರುವ ಪ್ರಾಥಮಿಕ ವರದಿಯ ಕೆಲಸ ಮೊದಲನೆಯದನ್ನು ಹೇಳುವುದಷ್ಟೇ. ಅದರಲ್ಲಿ ಪೈಲಟ್ ಮೇಲೆ ತಪ್ಪು ಹೊರಿಸುವ ಮಾತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2025ರ ನವೆಂಬರ್‌ನಲ್ಲಿ ಹೇಳಿತು.

ಹೊಣೆ ಹಂಚುವುದು ಬೇರೆಯವರ ಕೆಲಸ

ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1951ರಲ್ಲಿ ಒಂದು ನಿಯಮಾವಳಿ ಮಾಡಿತು. ಅದಕ್ಕೆ ಅನೆಕ್ಸ್ 13 ಎಂದು ಹೆಸರು. ಇವತ್ತಿಗೂ ಜಗತ್ತಿನ ವಿಮಾನ ಅಪಘಾತಗಳ ತನಿಖೆ ಅದರ ಪ್ರಕಾರವೇ ನಡೆಯುತ್ತದೆ. ಅದರ ತಿರುಳು ಇಷ್ಟು: ತನಿಖೆಯ ಏಕೈಕ ಉದ್ದೇಶ ಇನ್ನೊಂದು ಅಪಘಾತ ತಡೆಯುವುದು. ತಪ್ಪು ಯಾರದು, ಹೊಣೆ ಯಾರದು ಎಂದು ತೀರ್ಮಾನಿಸುವುದು ಈ ತನಿಖೆಯ ಕೆಲಸ ಅಲ್ಲ. ಅದಕ್ಕೆ ಪೊಲೀಸರಿದ್ದಾರೆ, ಕೋರ್ಟುಗಳಿವೆ.

ಹೀಗೆ ಬೇರೆ ಮಾಡಿದ್ದು ಯಾಕೆ? ಹೇಳಿದ ಮಾತು ತನ್ನ ಕುತ್ತಿಗೆಗೇ ಬರುತ್ತದೆ ಎಂದು ಗೊತ್ತಾದರೆ ಮೆಕ್ಯಾನಿಕ್ ಆಗಲಿ, ಪೈಲಟ್ ಆಗಲಿ, ಎಂಜಿನಿಯರ್ ಆಗಲಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಕಾರಣ ಸಿಗುವುದಿಲ್ಲ. ಕಾರಣ ಸಿಗದಿದ್ದರೆ ಅದೇ ಅಪಘಾತ ಇನ್ನೊಂದು ಊರಲ್ಲಿ ಮತ್ತೆ ಆಗುತ್ತದೆ.

ಊಹೆಯ ಮೇಲೆ ಮಾಡಿದ ರಿಪೇರಿ

ಕಾರಣ ಸಿಗುವ ಮೊದಲೇ ಪರಿಹಾರಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕಾಮೆಟ್ ವಿಮಾನ ಉದಾಹರಣೆ. ಅದು ಜಗತ್ತಿನ ಮೊದಲ ಪ್ರಯಾಣಿಕ ಜೆಟ್. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಹತ್ತಿರ ಒಂದು ಕಾಮೆಟ್ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಹಾರಾಟ ನಿಲ್ಲಿಸಿದರು. ಅನುಮಾನ ಬಂದ ಕಡೆಯೆಲ್ಲ ಬದಲಾವಣೆ ಮಾಡಿದರು. ಮಾರ್ಚ್‌ನಲ್ಲಿ ಮತ್ತೆ ಹಾರಿಸಿದರು. ಎರಡೇ ವಾರದಲ್ಲಿ, ಏಪ್ರಿಲ್ 8ರಂದು, ನೇಪಲ್ಸ್ ಹತ್ತಿರ ಇನ್ನೊಂದು ಕಾಮೆಟ್ ಅದೇ ರೀತಿ ಒಡೆಯಿತು.

ಆಮೇಲೆ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಎಂಜಿನಿಯರ್‌ಗಳು ಒಂದು ಇಡೀ ವಿಮಾನದ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಹಾರಾಟದಲ್ಲಿ ಒಳಗಿನ ಗಾಳಿಯ ಒತ್ತಡ ಏರಿ ಇಳಿಯುವ ಹಾಗೆ ನೀರಿನಿಂದಲೇ ಒತ್ತಡ ಕೊಟ್ಟು ತೆಗೆದರು. ಹಗಲೂ ರಾತ್ರಿ ಇದೇ ಕೆಲಸ. ಆ ವಿಮಾನ ಮೊದಲು ನಿಜವಾಗಿ ಹಾರಿದ್ದನ್ನೂ ಸೇರಿಸಿ ಸುಮಾರು 3,000 ಹಾರಾಟಕ್ಕೆ ಸಮ ಆಗುವ ಹೊತ್ತಿಗೆ ಒಡಲು ಸೀಳಿತು. ತಂತಿಯನ್ನು ಹತ್ತಾರು ಸಲ ಬಗ್ಗಿಸಿದರೆ ತುಂಡಾಗುತ್ತದಲ್ವಾ, ಅದೇ ರೀತಿ ಲೋಹ ದಣಿದಿತ್ತು. ಕಿಟಕಿಯಂಥ ತೆರಪುಗಳ ಮೂಲೆಯಲ್ಲಿ ಒತ್ತಡ ಲೆಕ್ಕಕ್ಕಿಂತ ಜಾಸ್ತಿ ಬೀಳುತ್ತಿತ್ತು. ಹೊಸ ವಿಮಾನದ ಒಡಲನ್ನು ಸಾವಿರಾರು ಸಲ ಹಿಗ್ಗಿಸಿ ಕುಗ್ಗಿಸಿ ಪರೀಕ್ಷಿಸದೆ ಪ್ರಯಾಣಿಕರನ್ನು ಹತ್ತಿಸಬಾರದು ಎಂಬ ಪಾಠ ಅಲ್ಲಿಂದ ಬಂದದ್ದು.

ಬ್ಲ್ಯಾಕ್ ಬಾಕ್ಸ್‌ನ ಬೇರೂ ಇಲ್ಲೇ ಇದೆ. ಕಾಮೆಟ್ ಅಪಘಾತಗಳ ಚರ್ಚೆಯಲ್ಲಿ ಕೂತಿದ್ದ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರೆನ್‌ಗೆ ಕಾಕ್‌ಪಿಟ್‌ನ ಮಾತು ಉಳಿದಿದ್ದರೆ ಎಷ್ಟು ಗೊತ್ತಾಗುತ್ತಿತ್ತು ಎನಿಸಿತು. ಅವರ ತಂದೆ ಕೂಡ 1934ರಲ್ಲಿ ವಿಮಾನ ಅಪಘಾತದಲ್ಲೇ ತೀರಿಹೋಗಿದ್ದರು. ವಾರೆನ್ ಯಂತ್ರ ಮಾಡಿ ತೋರಿಸಿದಾಗ ಅವರ ದೇಶದಲ್ಲೇ ಯಾರೂ ಹೆಚ್ಚು ಆಸಕ್ತಿ ತೋರಲಿಲ್ಲ. ತಮ್ಮ ಮಾತು ಕದ್ದು ಕೇಳುವ ಯಂತ್ರ ಎಂದು ಪೈಲಟ್‌ಗಳೂ ವಿರೋಧಿಸಿದರು. ಕೊನೆಗೆ 1960ರ ಇನ್ನೊಂದು ಅಪಘಾತದ ನಂತರ ಆಸ್ಟ್ರೇಲಿಯಾ ಅದನ್ನು ಕಡ್ಡಾಯ ಮಾಡಿತು.

‘ಪೈಲಟ್ ತಪ್ಪು’ ಎಂದ ಮೇಲೂ ಉಳಿಯುವ ಪ್ರಶ್ನೆ

ಲೋಹದ ದಣಿವು ಯಾರ ಮಾನಕ್ಕೂ ಕುಂದಲ್ಲ. ಮನುಷ್ಯರ ತಪ್ಪಿನ ವಿಷಯಕ್ಕೆ ಬಂದಾಗ ತನಿಖೆ ಕಷ್ಟ ಆಗುತ್ತದೆ.

1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯೂಎ ಕಂಪನಿಯ ವಿಮಾನ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಇಳಿಯಲು ಬರಬಹುದು ಎಂಬ ಎಟಿಸಿ (ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕೇಂದ್ರ) ಮಾತನ್ನು, ಈಗಲೇ ಕೆಳಗೆ ಬರಬಹುದು ಎಂದು ಪೈಲಟ್‌ಗಳು ಅರ್ಥ ಮಾಡಿಕೊಂಡಿದ್ದರು. ತನಿಖೆ ಮಾಡಿದಾಗ ಗೊತ್ತಾಯಿತು, ಆರು ವಾರ ಮೊದಲು ಯುನೈಟೆಡ್ ಕಂಪನಿಯ ಪೈಲಟ್‌ಗಳೂ ಅದೇ ಜಾಗದಲ್ಲಿ ಅದೇ ತಪ್ಪು ಅರ್ಥ ಮಾಡಿಕೊಂಡು ಕೂದಲೆಳೆಯಲ್ಲಿ ಪಾರಾಗಿದ್ದರು. ಯುನೈಟೆಡ್ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಟಿಡಬ್ಲ್ಯೂಎಗೆ ಆ ಸುದ್ದಿ ತಲುಪಿರಲಿಲ್ಲ.

ಇದಕ್ಕೆ ಅಮೆರಿಕ ಕಂಡುಕೊಂಡ ದಾರಿ ಈ ಇಡೀ ಚರಿತ್ರೆಯಲ್ಲೇ ಮುಖ್ಯವಾದದ್ದು ಎಂದು ನನ್ನ ಭಾವನೆ. 1976ರಲ್ಲಿ ಒಂದು ವ್ಯವಸ್ಥೆ ಶುರುವಾಯಿತು. ಪೈಲಟ್ ಆಗಲಿ ಎಟಿಸಿ ಕಂಟ್ರೋಲರ್ ಆಗಲಿ ತಮ್ಮಿಂದಾದ ತಪ್ಪನ್ನು ಬರೆದು ಕಳಿಸಬಹುದು. ಹೆಸರು ಗುಟ್ಟಾಗಿ ಇರುತ್ತದೆ. ಪತ್ರ ಹೋಗುವುದು ಲೈಸೆನ್ಸ್ ಕಿತ್ತುಕೊಳ್ಳಬಲ್ಲ ಎಫ್‌ಎಎಗೆ ಅಲ್ಲ, ನಾಸಾಗೆ. ಅಪಘಾತ ಆದ ಮೇಲೆ ಕಲಿಯುತ್ತಿದ್ದ ಜಗತ್ತು, ಅಪಘಾತ ತಪ್ಪಿದಾಗಲೂ ಕಲಿಯಲು ಶುರು ಮಾಡಿದ್ದು ಹೀಗೆ. ಅದೇ ಬೆಟ್ಟದ ಅಪಘಾತದಿಂದ, ನೆಲ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಯಂತ್ರವೂ ಕಡ್ಡಾಯ ಆಯಿತು.

ಮೂರು ವರ್ಷದೊಳಗೆ, 1977ರ ಮಾರ್ಚ್ 27ರಂದು, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ದಟ್ಟ ಮಂಜಿನ ನಡುವೆ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆ ಡಿಕ್ಕಿಯಾದವು. 583 ಜನ ಸತ್ತರು. ಅಷ್ಟು ದೊಡ್ಡ ವಿಮಾನ ಅಪಘಾತ ಇವತ್ತಿಗೂ ಇನ್ನೊಂದಿಲ್ಲ. ಅನುಮತಿ ಸಿಗದೆ ಟೇಕಾಫ್‌ಗೆ ಹೊರಟ ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯಲ್ಲಿ ಪೈಲಟ್‌ಗಳಿಗೇ ತರಬೇತಿ ಕೊಡುತ್ತಿದ್ದ ಹಿರಿಯರು. ಎದುರಿನ ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಎಂದು ಅವರ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಹೂಂ ಎಂಬ ಉತ್ತರ ಬಂತು. ಅವರು ಇನ್ನೊಮ್ಮೆ ಕೇಳಲಿಲ್ಲ.

‘ಕ್ಯಾಪ್ಟನ್ ತಪ್ಪು’ ಎಂದು ಬರೆದು ಕಡತ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಅನುಮಾನ ಬಂದಿದ್ದ ಕಿರಿಯರು ಯಾಕೆ ಗಟ್ಟಿಯಾಗಿ ತಡೆಯಲಿಲ್ಲ ಎಂದು ಕೇಳಿದರು. ಮುಂದಿನ ವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಕ್ರದ ತೊಂದರೆ ನೋಡುತ್ತಾ ಸುತ್ತು ಹೊಡೆದ ವಿಮಾನ ಇಂಧನ ಮುಗಿದು ಬಿದ್ದಾಗಲೂ ಇದೇ ಪ್ರಶ್ನೆ ಬಂತು. ಇಂಧನ ಕಡಿಮೆ ಆಗುತ್ತಿದೆ ಎಂದು ಕಿರಿಯರು ಹೇಳಿದ್ದರು, ಆದರೆ ಒತ್ತಿ ಹೇಳಲಿಲ್ಲ. ಇದರಿಂದ ಹುಟ್ಟಿದ ತರಬೇತಿಗೆ ಸಿಆರ್‌ಎಂ ಎಂದು ಹೆಸರು. ಕಿರಿಯರು ಮೇಲಿನವರಿಗೆ ಎದುರು ಮಾತಾಡುವುದನ್ನು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ಅದು ಕಲಿಸುತ್ತದೆ. ಎಟಿಸಿ ಮಾತೂ ಬದಲಾಯಿತು. ‘ಟೇಕಾಫ್’ ಎಂಬ ಪದವನ್ನು ಈಗ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ.

ಚರ್ಖಿ ದಾದ್ರಿ ಕಲಿಸಿದ್ದು, ಕಲಿಸದೆ ಉಳಿದದ್ದು

ನಮ್ಮ ದೇಶದ ಪಾಲೂ ಈ ಪಟ್ಟಿಯಲ್ಲಿ ದೊಡ್ಡದು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇದೇ ಅತಿ ಘೋರ. 15,000 ಅಡಿಯಲ್ಲಿ ಇರಬೇಕಿದ್ದ ಕಜಕ್ ವಿಮಾನ ಅದಕ್ಕಿಂತ ಕೆಳಗೆ ಬಂದಿತ್ತು.

ಆದರೆ ಆಗ ದೆಹಲಿಗೆ ಬರುವ, ಹೋಗುವ ವಿಮಾನಗಳಿಗೆ ಒಂದೇ ದಾರಿ. ಕಂಟ್ರೋಲರ್ ಮುಂದಿದ್ದ ರೇಡಾರ್ ವಿಮಾನದ ಎತ್ತರ ತೋರಿಸುತ್ತಿರಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ತನಿಖೆಯ ನಂತರ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಂತು. ಎದುರು ವಿಮಾನ ಬಂದರೆ ‘ಮೇಲೆ ಹೋಗು’, ‘ಕೆಳಗೆ ಹೋಗು’ ಎಂದು ಹೇಳುವ ಟಿಕ್ಯಾಸ್ ಯಂತ್ರವನ್ನು ಭಾರತ ಕಡ್ಡಾಯ ಮಾಡಿತು.

2002ರಲ್ಲಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಟಿಕ್ಯಾಸ್ ಇದ್ದ ಎರಡು ವಿಮಾನಗಳೇ ಡಿಕ್ಕಿಯಾದವು. ರಷ್ಯಾದ ವಿಮಾನಕ್ಕೆ ಯಂತ್ರ ಮೇಲೆ ಹೋಗು ಎಂದಿತ್ತು, ಕಂಟ್ರೋಲರ್ ಕೆಳಗೆ ಬನ್ನಿ ಎಂದಿದ್ದರು. ರಷ್ಯಾದ ಪೈಲಟ್‌ಗಳು ಮನುಷ್ಯರ ಮಾತು ಕೇಳಿದರು. 71 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ರಾತ್ರಿ ಕಂಟ್ರೋಲರ್ ಒಬ್ಬರೇ ಎರಡು ಕಡೆಯ ಕೆಲಸ ನೋಡುತ್ತಿದ್ದರು, ಫೋನ್ ಲೈನ್ ಕೆಟ್ಟಿತ್ತು. ಯಂತ್ರದ ಮಾತೇ ಅಂತಿಮ ಎಂಬ ನಿಯಮ ಆಮೇಲೆ ಸ್ಪಷ್ಟವಾಯಿತು. ಆದರೆ 2004ರಲ್ಲಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡಿದ್ದ ಒಬ್ಬ ತಂದೆ ಆ ಕಂಟ್ರೋಲರ್‌ನ ಮನೆಗೆ ಹೋಗಿ ಅವರನ್ನು ಕೊಂದ. ವ್ಯವಸ್ಥೆಯ ಹತ್ತು ಬಿರುಕುಗಳು ಒಬ್ಬ ಮನುಷ್ಯನ ಹೆಸರಾಗಿ ಉಳಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯೋಚಿಸಿದರೆ ಸಂಕಟ ಆಗುತ್ತದೆ.

ಬಜ್ಪೆಯಿಂದ ಕೋಯಿಕ್ಕೋಡ್‌ವರೆಗೆ

ಕರ್ನಾಟಕಕ್ಕೆ ಇದು ದೂರದ ವಿಷಯ ಅಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ ಎ320 ಬಿದ್ದು 92 ಜನ ಸತ್ತರು. ವಿಮಾನದ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿದೆ, ಎಂಜಿನ್ ಶಕ್ತಿ ಎಷ್ಟು ಇಳಿದಿದೆ ಎಂಬುದು ಪೈಲಟ್‌ಗಳ ಗಮನಕ್ಕೆ ಬರುವಾಗ ತಡವಾಗಿತ್ತು. ಎರಡು ವರ್ಷದ ನಂತರ ಫ್ರಾನ್ಸ್‌ನಲ್ಲೂ ಎ320ಯ ಪೈಲಟ್‌ಗಳು ಕಂಪ್ಯೂಟರಿನ ಸ್ಥಿತಿಯನ್ನು ತಪ್ಪಾಗಿ ತಿಳಿದು 87 ಜನ ಸತ್ತರು. ಆಮೇಲೆ ಇಳಿಯುವ ವೇಗದ ಅಂಕಿ ತೋರಿಸುವ ರೀತಿಯನ್ನೇ ಏರ್‌ಬಸ್ ಬದಲಿಸಿತು.

ಮಂಗಳೂರಿನದು ಇನ್ನೂ ಹಸಿ ನೆನಪು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ (ಗುಡ್ಡದ ತಲೆಯ ಮೇಲಿನ) ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಉರುಳಿತು. 158 ಜನ ಸತ್ತರು, 8 ಜನ ಬದುಕಿದರು. ಹಾರಾಟದ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು. ಇಳಿಸಬೇಡಿ, ಗೋ ಅರೌಂಡ್ (ಮತ್ತೆ ಮೇಲೇರಿ) ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿದರು. ಅಂಥ ಹೊತ್ತಿನಲ್ಲಿ ಸಹ ಪೈಲಟ್ ತಾನೇ ನಿಯಂತ್ರಣ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ಸೂಚನೆಗಳೇ ಸ್ಪಷ್ಟ ಇರಲಿಲ್ಲ ಎಂದು ತನಿಖೆ ಹೇಳಿತು. ರನ್‌ವೇ ಆಚೆ, ಮುಟ್ಟಿದರೆ ಮುರಿಯುವಂತೆ ಇರಬೇಕಿದ್ದ ಆಂಟೆನಾಕ್ಕೆ ಕಾಂಕ್ರೀಟಿನ ಬುಡ ಇತ್ತು, ರೆಕ್ಕೆ ಅದಕ್ಕೆ ಬಡಿಯಿತು.

ಈ ತನಿಖೆಯ ದೊಡ್ಡ ಫಲ, ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯಿಂದ ಬೇರೆಯಾದ ತನಿಖಾ ಸಂಸ್ಥೆ ಬೇಕು ಎಂಬ ಶಿಫಾರಸು. ನಿಯಮ ಮಾಡುವ ಕಚೇರಿಯೇ ತನಿಖೆಯನ್ನೂ ಮಾಡಿದರೆ ತನ್ನ ಲೋಪವನ್ನು ತಾನೇ ಹುಡುಕಬೇಕಾಗುತ್ತದೆ. ಇವತ್ತು ಅಹಮದಾಬಾದ್ ತನಿಖೆ ಮಾಡುತ್ತಿರುವ ಎಎಐಬಿ 2012ರಲ್ಲಿ ಬಂದದ್ದು ಹೀಗೆ. ಅಂದರೆ ನಾವೆಲ್ಲ ಓದಿದ ಆ ಹದಿನೈದು ಪುಟದ ಹಿಂದೆ ಮಂಗಳೂರಿನ ಸಾವುಗಳಿವೆ. ಆದರೂ ಎಎಐಬಿ ಈಗಲೂ ಅದೇ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ.

ಎಲ್ಲ ಪಾಠ ನೆಲಕ್ಕೆ ಇಳಿಯಲಿಲ್ಲ. 2020ರ ಆಗಸ್ಟ್ 7ರಂದು, ಹತ್ತು ವರ್ಷದ ನಂತರ, ಅದೇ ಕಂಪನಿಯ ವಿಮಾನ, ಅದೇ ದುಬೈಯಿಂದ ಬಂದು, ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯಲ್ಲಿ ಮಳೆಯ ನಡುವೆ ಇಳಿಯಿತು. ಅಲ್ಲೂ ವಿಮಾನ ರನ್‌ವೇ ಅರ್ಧ ಕಳೆಯುವ ಹೊತ್ತಿಗೆ ನೆಲ ಮುಟ್ಟಿತು. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಎಂದರು. ಅಲ್ಲೂ ಕ್ಯಾಪ್ಟನ್ ಇಳಿಸಿದರು. 21 ಜನ ಸತ್ತರು.

ಸಲಹೆ ಎಲ್ಲಿ ನಿಲ್ಲುತ್ತದೆ?

ತನಿಖಾ ಸಂಸ್ಥೆಗೆ ಶಿಫಾರಸು ಮಾಡುವ ಅಧಿಕಾರ ಮಾತ್ರ ಇದೆ. ಆದೇಶ ಹೊರಡಿಸುವುದು ನಿಯಂತ್ರಕ ಸಂಸ್ಥೆ. ಎರಡರ ನಡುವೆ ಖರ್ಚಿನ ಲೆಕ್ಕ ಬರುತ್ತದೆ. 1996ರಲ್ಲಿ ನ್ಯೂಯಾರ್ಕ್ ಹತ್ತಿರ ಇಂಧನದ ಟ್ಯಾಂಕಿನ ಆವಿ ಸಿಡಿದು 230 ಜನ ಸತ್ತರು. ಆ ಆವಿ ಹೊತ್ತಿಕೊಳ್ಳದಂತೆ ಮಾಡುವ ವ್ಯವಸ್ಥೆಯನ್ನು ಅಮೆರಿಕ ಕಡ್ಡಾಯ ಮಾಡಿದ್ದು 2008ರಲ್ಲಿ. 2018ರ ಸ್ವಿಚ್ ಪತ್ರ ಸಲಹೆಯಾಗಿಯೇ ಉಳಿದಿತ್ತು. ಅಹಮದಾಬಾದ್ ನಂತರ ಡಿಜಿಸಿಎ ಆ ತಪಾಸಣೆಯನ್ನು ಒಂದು ವಾರದ ಗಡುವು ಕೊಟ್ಟು ಮಾಡಿಸಿತು. ಒಂದು ವಾರದಲ್ಲಿ ಮುಗಿಯುವ ಕೆಲಸ ಆರೂವರೆ ವರ್ಷ ಸಲಹೆಯ ಪಟ್ಟಿಯಲ್ಲಿತ್ತು.

ಕಂಪನಿಗಳ ವಾದವನ್ನೂ ಕೇಳಬೇಕು. ಪ್ರತಿ ಸಲಹೆಯನ್ನೂ ಕಡ್ಡಾಯ ಮಾಡಿದರೆ ನಿಜವಾದ ಅಪಾಯ ಕಾಗದದ ರಾಶಿಯಲ್ಲಿ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ಅವಸರದ ನಿಯಮ ಹೊಸ ಅಪಾಯ ತರುವುದೂ ನಿಜ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಾಕ್‌ಪಿಟ್ ಬಾಗಿಲನ್ನು ಹೊರಗಿನಿಂದ ಯಾರೂ ಒಡೆಯಲಾಗದಂತೆ ಮಾಡಿದರು. 2015ರಲ್ಲಿ ಜರ್ಮನಿಯ ಜರ್ಮನ್‌ವಿಂಗ್ಸ್ ಕಂಪನಿಯ ಸಹ ಪೈಲಟ್ ಅದೇ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ವಿಮಾನವನ್ನು ಬೆಟ್ಟಕ್ಕೆ ಗುದ್ದಿಸಿದ, ಹೊರಗೆ ಕ್ಯಾಪ್ಟನ್ ಬಾಗಿಲು ಬಡಿಯುತ್ತಿದ್ದರು. 150 ಜನ ಸತ್ತರು.

ಈಗಿನ ಜಗ್ಗಾಟ

ಕಾಕ್‌ಪಿಟ್‌ನಲ್ಲಿ ಕ್ಯಾಮೆರಾ ಇದ್ದಿದ್ದರೆ ಯಾವ ಕೈ ಸ್ವಿಚ್ ಮುಟ್ಟಿತು, ಅಥವಾ ಯಾವ ಕೈಯೂ ಮುಟ್ಟಲಿಲ್ಲ ಎಂಬುದು ಮೊದಲ ವಾರದಲ್ಲೇ ತಿಳಿಯುತ್ತಿತ್ತು. ಅಮೆರಿಕದ ತನಿಖಾ ಸಂಸ್ಥೆ 2000ದಿಂದಲೇ ಇದನ್ನು ಕೇಳುತ್ತಿದೆ. ಪೈಲಟ್ ಸಂಘಗಳು ಒಪ್ಪಿಲ್ಲ. ಧ್ವನಿಮುದ್ರಣದ ವಿವರಗಳೇ ವಿದೇಶಿ ಪತ್ರಿಕೆಗಳಿಗೆ ಸೋರಿ ಸತ್ತ ಪೈಲಟ್ ಮೇಲೆ ತೀರ್ಪು ಬಂದಿರುವಾಗ ವಿಡಿಯೊ ಸೋರದೆ ಇರುತ್ತದೆಯೇ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಭಯ. ಆದರೂ ಕ್ಯಾಮೆರಾ ಬರಬೇಕು ಎಂದೇ ನನಗೆ ಅನಿಸುತ್ತದೆ. ಅದರ ಜೊತೆಗೆ, ಅದನ್ನು ಸೋರಿಸಿದವರಿಗೆ ಗಟ್ಟಿ ಶಿಕ್ಷೆಯೂ ಇರಬೇಕು. ಧ್ವನಿಮುದ್ರಣಕ್ಕೂ ಅರವತ್ತು ವರ್ಷದ ಹಿಂದೆ ಇದೇ ವಿರೋಧ ಇತ್ತು.

ಕುಟುಂಬಗಳ ನೋವು ಬೇರೆ. ಅವರಿಗೆ ಹೊಣೆಗಾರರು ಬೇಕು, ಅದು ಅವರ ಹಕ್ಕು. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಭಾರತ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ವಿಮಾನದಲ್ಲಿ ಸತ್ತವರ ಪರಿಹಾರದ ಮೊದಲ ಭಾಗಕ್ಕೆ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ. ಅದರ ಮಿತಿ ಈಗ 1,51,880 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಐಎಂಎಫ್‌ನ ಲೆಕ್ಕದ ಘಟಕ. ನಮ್ಮ ಹಣದಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿಗಿಂತ ಹೆಚ್ಚು. ಅಷ್ಟಿದ್ದರೂ ಮಂಗಳೂರಿನ ಕೆಲವು ಕುಟುಂಬಗಳು ಪೂರ್ತಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. ಸುರಕ್ಷತೆಯ ತನಿಖೆಯ ಮೇಲೆ ಹೊಣೆ ಹುಡುಕುವ ಒತ್ತಡ ಬೀಳಬಾರದು ಎಂದರೆ, ಪರಿಹಾರ ಮತ್ತು ನ್ಯಾಯದ ದಾರಿ ಬೇರೆ ಕಡೆ ಸುಲಭ ಆಗಬೇಕು.

ಮೂರನೆಯ ಜಗ್ಗಾಟವನ್ನು ಪ್ರಯಾಣಿಕರೇ ಅನುಭವಿಸಿದ್ದಾರೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸುವ ಹೊಸ ನಿಯಮ 2025ರಲ್ಲಿ ಹಂತ ಹಂತವಾಗಿ ಜಾರಿಗೆ ಬಂತು. ಇಂಡಿಗೋ ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದವು. ಬೆಂಗಳೂರಿನಲ್ಲೂ ಜನ ನಿಲ್ದಾಣದ ನೆಲದ ಮೇಲೆ ಕಾದು ಕೂತರು. ಸರ್ಕಾರ ಕೆಲವು ಅಂಶಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ನಿಯಮವೇ ತಪ್ಪು ಎಂದು ಆಗ ಅನೇಕರಿಗೆ ಅನಿಸಿತು. ಆದರೆ ಬೆಳಗಿನ ಜಾವ ದಣಿದ ಪೈಲಟ್ ಏನು ಮಾಡಬಲ್ಲರು ಎಂಬುದನ್ನು ಬಜ್ಪೆಯಲ್ಲಿ ನೋಡಿದ್ದೇವೆ.

ನಿಯಮ ಜಾರಿ ಮಾಡಲು ಜನ ಬೇಕು. ಡಿಜಿಸಿಎಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುದ್ದೆ ಖಾಲಿ ಇದೆ ಎಂದು ಸಂಸತ್ತಿನ ಸ್ಥಾಯಿ ಸಮಿತಿ 2025ರಲ್ಲಿ ಹೇಳಿತು. ವಿಮಾನಗಳ ಸಂಖ್ಯೆ ಏರುತ್ತಲೇ ಇದೆ.

ಭಯ ಪಡಬೇಕಾ?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲೆಕ್ಕದ ಪ್ರಕಾರ 1968ರಿಂದ 77ರ ನಡುವೆ ಜಗತ್ತಿನಲ್ಲಿ ವಿಮಾನ ಹತ್ತಿದ ಪ್ರತಿ ಮೂರೂವರೆ ಲಕ್ಷ ಪ್ರಯಾಣಿಕರಲ್ಲಿ ಒಬ್ಬರು ಸಾಯುತ್ತಿದ್ದರು. 2018ರಿಂದ 22ರ ನಡುವೆ ಅದು 1.37 ಕೋಟಿಗೆ ಒಬ್ಬರಾಯಿತು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲೆ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಅದರಲ್ಲಿದ್ದ 379 ಜನರೂ ಜೀವಂತ ಹೊರಗೆ ಬಂದರು. ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಉಳಿಯಲಿಲ್ಲ. 1980ರ ದಶಕದ ಎರಡು ಬೆಂಕಿ ಅಪಘಾತಗಳಲ್ಲಿ ಹೊಗೆಯಲ್ಲಿ ದಾರಿ ಕಾಣದೆ ಜನ ಸತ್ತ ನಂತರವೇ ನೆಲದ ಮೇಲೆ ದಾರಿ ತೋರಿಸುವ ದೀಪಗಳು, ಬೇಗ ಹೊತ್ತಿಕೊಳ್ಳದ ಸೀಟುಗಳು ಎಲ್ಲೆಡೆ ಬಂದದ್ದು.

ಅಹಮದಾಬಾದ್ ದುರಂತದ ಅಂತಿಮ ವರದಿಯನ್ನು ಕೈಗೆತ್ತಿಕೊಳ್ಳುವಾಗ ‘ಸಂಭವನೀಯ ಕಾರಣ’ ಎಂಬ ಪುಟ ನೋಡಿ ಮಡಚಿಡಬೇಡಿ. ಸುರಕ್ಷತಾ ಶಿಫಾರಸುಗಳ ಪುಟಗಳನ್ನೂ ಓದಿ. ಪ್ರತಿ ಶಿಫಾರಸಿನ ಎದುರು ಅದು ಯಾರಿಗೆ ಎಂದು ಬರೆದಿರುತ್ತದೆ. ಬೋಯಿಂಗ್‌ಗೆ, ಏರ್ ಇಂಡಿಯಾಕ್ಕೆ, ಡಿಜಿಸಿಎಗೆ, ಎಫ್‌ಎಎಗೆ. ಒಂದು ವರ್ಷ ಬಿಟ್ಟು ಅದೇ ಪಟ್ಟಿ ಹಿಡಿದು, ಎಷ್ಟು ಆದೇಶವಾದವು ಎಂದು ನಮ್ಮ ಸಂಸದರನ್ನು ಕೇಳಬಹುದು.